ಹೆಸರು ಬೇಡವೆಂದ ನಮೂನೆ

ಶಾಲೆಗಳಿಗೆ ಕಂಪ್ಯೂಟರ್ ಹಂಚುವ ಮಾನ್ಯ ಅಧಿಕಾರಿಗಳೇ,

ಹೆಸರು ಬರೆಯಬೇಡಿ ಎಂದು ನೀವೇ ಹೇಳಿದ ನಮೂನೆಯಲ್ಲಿ ನಿಜ ಬರೆದದ್ದಕ್ಕೆ ನಮ್ಮ ವಿಜ್ಞಾನ ಶಿಕ್ಷಕಿಯನ್ನು ತರಗತಿಯಿಂದ ಹೊರಗೆ ಹಾಕಿದ್ದೀರಿ. ಅದು ಯಾರ ಕೈಬರಹವೆಂದು ನಿಮಗೆ ತಿಳಿದದ್ದಾದರೂ ಹೇಗೆ?

'ತರಗತಿಯಲ್ಲಿ ಕಂಪ್ಯೂಟರ್: ಶಿಕ್ಷಕರ ಮನೋಭಾವ' ಎಂಬ ಆ ನಮೂನೆ ಬಂದ ದಿನ ನಾವು ಉಳಿದ ಹತ್ತು ಮಂದಿ ಶಿಕ್ಷಕರು ಒಬ್ಬರದನ್ನೊಬ್ಬರು ನೋಡಿಕೊಂಡು ಎಲ್ಲ ಪ್ರಶ್ನೆಗೂ 'ಅತ್ಯುತ್ಸಾಹ' ಎಂದು ಗುರುತು ಹಾಕಿದೆವು. ನಮ್ಮ ಉತ್ಸಾಹ ಎಂಥದೆಂದರೆ, ನಮ್ಮ ತರಗತಿಗಳ ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯನ್ನು ಇವತ್ತಿನವರೆಗೆ ಯಾರೂ ಸರಿಸಿಲ್ಲ. ದಿನಾ ಬಳಸುತ್ತಿದ್ದವರು ಈ ವಿಜ್ಞಾನ ಶಿಕ್ಷಕಿಯೊಬ್ಬರೇ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಹೃದಯ ಬಡಿಯುವುದನ್ನು ಪರದೆಯ ಮೇಲೆ ತೋರಿಸಿ, ಆಮೇಲೆ ಮಕ್ಕಳ ಕೈಯನ್ನು ಅವರವರ ಎದೆಯ ಮೇಲೆ ಇಡಿಸುತ್ತಿದ್ದರು. ಅವರು ಬರೆದದ್ದು ಇಷ್ಟೇ: "ಯಂತ್ರ ಒಳ್ಳೆಯದು. ಆದರೆ ಪಾಠವನ್ನು ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯದು. ಮಗುವಿನ ಮುಖ ನೋಡುವವರಿಗೆ ತಿಳಿಯುತ್ತದೆ."

"ಸುಮ್ನೆ ಟಿಕ್ ಹಾಕ್ಬಿಡಿ ಅಕ್ಕಾ, ಯಾಕೆ ಇಲ್ಲದ ಉಸಾಬರಿ?" ಎಂದೆ ನಾನು.

"ಕೇಳಿದಾರೆ, ಹೇಳ್ತಿದೀನಿ. ಹೆಸರೇ ಇಲ್ವಲ್ಲ, ಭಯ ಏನು?" ಎಂದರು.

ಮೂರನೆಯ ವಾರ ಆದೇಶ ಬಂತು: ತಂತ್ರಜ್ಞಾನ ವಿರೋಧಿ. ಆ ವಿರೋಧಿ ಈಗ ಶಾಲಾ ಕಚೇರಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ, ಕಂಪ್ಯೂಟರಿನ ಮುಂದೆಯೇ ಕೂತು ಹಾಜರಾತಿ ತುಂಬಿಸುತ್ತಾರೆ. ನಿಮ್ಮ ನ್ಯಾಯಕ್ಕೆ ನಮೋ ನಮಃ.

ಅವರ ತರಗತಿಯಲ್ಲಿ ಈಗ ಮೊದಲೇ ಚಿತ್ರೀಕರಿಸಿದ ಪಾಠ ಕಂಪ್ಯೂಟರಿನಲ್ಲಿ ಓಡುತ್ತದೆ. ಮೊನ್ನೆ ಇಣುಕಿದೆ. ಪರದೆಯ ಮೇಲಿನ ಚಿತ್ರ ಯಾವಾಗಲೋ ನಿಂತುಹೋಗಿತ್ತು. ನಲವತ್ತು ಮಕ್ಕಳು ಕೈಕಟ್ಟಿಕೊಂಡು ಅದನ್ನೇ ನೋಡುತ್ತಿದ್ದರು.

"ಎಷ್ಟೊತ್ತಾಯ್ತು ಇದು ನಿಂತು?" ಎಂದೆ.

ಮುಂದಿನ ಸಾಲಿನ ಹುಡುಗಿ ಪಿಸುಗುಟ್ಟಿದಳು: "ಪಾಠ ನಡೀವಾಗ ಮಾತಾಡ್ಬಾರ್ದು ಅಂದಿದಾರೆ, ಮಿಸ್."

ಈ ಮಕ್ಕಳಿಗೆ ನಾವು ಕಲಿಸುತ್ತಿರುವುದಾದರೂ ಏನು, ಮಾನ್ಯರೇ?

ನಿನ್ನೆ ನಿಮ್ಮ ಎರಡನೆಯ ನಮೂನೆ ಬಂದಿದೆ. ಇದಕ್ಕೂ ಹೆಸರು ಬೇಡವಂತೆ. ಮೊದಲ ಪ್ರಶ್ನೆ: 'ನಿಮ್ಮ ಸಹೋದ್ಯೋಗಿಗಳಲ್ಲಿ ಕಂಪ್ಯೂಟರ್ ಬಳಸಲು ಹಿಂಜರಿಯುವವರು ಯಾರು?' ಶಿಕ್ಷಕರ ಕೊಠಡಿಯಲ್ಲಿ ಈಗ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಒಂಬತ್ತು ನಮೂನೆಗಳು ನಾಲ್ಕು ಮಡಿಕೆಯಾಗಿ ಮುಖ್ಯೋಪಾಧ್ಯಾಯರ ಮೇಜು ಸೇರಿವೆ. "ನಿಮ್ದೊಂದೇ ಬಾಕಿ, ಟೀಚರ್" ಎಂದು ಅವರು ಎರಡು ಸಲ ಹೇಳಿಹೋದರು. ಎರಡನೆಯ ಸಲ ದನಿ ಬಹಳ ಮೆತ್ತಗಿತ್ತು.

ನಾನದನ್ನು ತುಂಬುವುದಿಲ್ಲ. ಈ ನಮೂನೆಯನ್ನು ಹಿಂದಕ್ಕೆ ಪಡೆಯಿರಿ. ಅಕ್ಕನನ್ನು ಸೋಮವಾರದೊಳಗೆ ಆ ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ. ಮಕ್ಕಳು ಮಾತು ಮರೆಯುವ ಮುಂಚೆ.

ಇಂತಿ,
ಸುಳ್ಳು ಬರೆದು ಇಷ್ಟು ದಿನ ತರಗತಿ ಉಳಿಸಿಕೊಂಡ, ನಾಳೆ ಯಾವ ಕೋಣೆಯೋ ತಿಳಿಯದ
ಗಣಿತ ಶಿಕ್ಷಕಿ