ಮಗ್ಗುಲಾಗಿ ಮಲಗಿದ ಟಿವಿ

ದೇವಾಪುರ
ಮಂಗಳವಾರ, ೧೭ ಫೆಬ್ರವರಿ ೨೦೦೯

ನನ್ನ ಮೋನಕ್ಕನಿಗೂ, ಇನ್ನೂ ಹೆಸರಿಲ್ಲದ ಆ ಪುಟ್ಟಿಗೂ ನಿನ್ನ ಲಾಲಿಯ ಕೈತುಂಬ ಮುದ್ದು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳು: ಅಪ್ಪ ನಿನ್ನ ಮಗಳನ್ನು ನೋಡಿದ! ಹೌದೇ ಅಕ್ಕ, ನಮ್ಮ ಅಪ್ಪನೇ, ಸಾಕ್ಷಾತ್ ಮರಿಲಿಂಗಪ್ಪನೇ! ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಇದನ್ನು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಫೋನು ಮಾಡಬಹುದಿತ್ತು. ಆದರೆ ಮೊಬೈಲು ನಿನ್ನ ಗಂಡನ, ನಮ್ಮ ಅಯ್ಯಣ್ಣ ಮಾಮನ, ಕಿಸೆಯಲ್ಲಿರುತ್ತದೆ, ಮಾಮ ಕಾಲುವೆಯ ಮೇಲಿರುತ್ತಾನೆ. ನೀನು ಸಿಕ್ಕರೂ ನಾನು ಅರ್ಧ ಹೇಳುವಷ್ಟರಲ್ಲಿ ಕರೆನ್ಸಿ ಮುಗಿದುಹೋಗುತ್ತದೆ.

ಹೋದ ಬೇಸಿಗೆಯಿಂದ ಈ ಮನೆಯಲ್ಲಿ ನಿನ್ನ ಹೆಸರು ತೆಗೆದರೆ ಸಾಕು, ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆಯುತ್ತಿದ್ದ. ಕಾಲುವೆ ಗೇಟಿನ ಹತ್ತಿರ ನಡೆದದ್ದನ್ನು ಮಾಮ ನಿನಗೆ ಹೇಗೆ ಹೇಳಿದ್ದಾನೋ ಗೊತ್ತಿಲ್ಲ. ಅಪ್ಪ ಹೇಳುವುದು ಹೀಗೆ: ಭತ್ತ ತೆನೆ ಹಿಡಿದಿತ್ತು, ಗದ್ದೆ ಬಿರುಕು ಬಿಟ್ಟಿತ್ತು, ನೀರಿನ ಪಾಳಿ ಇನ್ನೂ ದೂರವಿತ್ತು. ತಡೆಯಲಾರದೆ ತಾನೇ ಗೇಟೆತ್ತಿದ. ನೀರು ಬಿಡುವ ಕಟ್ಟುವ ಕೆಲಸ ಮಾಮನದು. ಬಂದವನೇ ಊರ ಮಂದಿಯ ಎದುರಿಗೆ ಗೇಟು ಇಳಿಸಿ, ಕೀಲಿ ಜಡಿದು, "ಪಾಳಿ ನಿಮ್ಮದಲ್ರಿ ಮಾವಾರ, ಕೆಳಗಿನ ಹೊಲದವರದು" ಅಂದನಂತೆ. ಅಷ್ಟೇ. ಮಾಮ ಅಂದದ್ದರಲ್ಲಿ ತಪ್ಪಿಲ್ಲ. ಅದು ಅಪ್ಪನಿಗೂ ಗೊತ್ತು, ಅದಕ್ಕೇ ಸಿಟ್ಟು ಇಳಿಯಲಿಲ್ಲ.

ಅಲ್ಲಿಂದ ಮುಂದಿನದು ನಿನಗೇ ಗೊತ್ತು. ಮಾಮ ವಡಗೇರಾದ ಕಡೆಗೆ ವರ್ಗ ಮಾಡಿಸಿಕೊಂಡ. ಇಲ್ಲಿಂದ ನಿನಗೆ ಬಸುರಿಯ ಕುಬುಸ ಬರಲಿಲ್ಲ. ಚೊಚ್ಚಲ ಬಾಣಂತನಕ್ಕೆ ಕರೆಯಲು ಯಾರೂ ಬರಲಿಲ್ಲ. ಈಗ ತೊಟ್ಟಿಲ ಸರದಿ. ತವರಿನ ತೊಟ್ಟಿಲು ಬರುವವರೆಗೆ ಕೂಸಿಗೆ ಹೆಸರಿಡುವುದಿಲ್ಲ ಎಂದು ನೀನು ಹಠ ಹಿಡಿದಿದ್ದೀ, ತೊಟ್ಟಿಲು ಕೊಡುವುದಿಲ್ಲ ಎಂದು ಅಪ್ಪ ಹಠ ಹಿಡಿದಿದ್ದಾನೆ. ಹಠದಲ್ಲಿ ನೀನು ಅಪ್ಪನ ಮಗಳೇ, ಅದರಲ್ಲಿ ಎರಡು ಮಾತಿಲ್ಲ. ನಡುವೆ ಸಿಕ್ಕ ಆ ಕೂಸು ಮೂರು ತಿಂಗಳಿಂದ ಹಳೇ ಸೀರೆಯ ಜೋಳಿಗೆಯಲ್ಲಿ ತೂಗಾಡುತ್ತಿದೆ. ಅವ್ವ ಇದನ್ನು ನೆನೆದು ನೆನೆದು ಹೈರಾಣಾಗಿದ್ದಾಳೆ.

ಅದಕ್ಕೇ ನಾನೊಂದು ಹಿಕಮತ್ತು ಮಾಡಿದೆ. ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಚಮನಬೀ ಟೀಚರ್ ಹೈದರಾಬಾದಿನಿಂದ ತಂದ ಡಿಜಿಟಲ್ ಕ್ಯಾಮೆರಾ ಹಿಡಿದುಕೊಂಡು ನಿನ್ನ ಮನೆಗೆ ಬಂದಿದ್ದೆನಲ್ಲ, ಆಗ "ಸುಮ್ಮನೆ, ನನಗಿರಲಿ ಅಂತ" ಎಂದು ಹೇಳಿದ್ದು ಸುಳ್ಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಫೋಟೋಗಳೂ ಅದರಲ್ಲೇ ಇದ್ದವು. ಅವುಗಳನ್ನು ತೋರಿಸುತ್ತೇನೆಂದರೆ ಅಪ್ಪ ಕೂರುತ್ತಾನೆ, ಅವುಗಳ ಬೆನ್ನಿಗೇ ನಿಮ್ಮ ಫೋಟೋಗಳು ಬರುತ್ತವೆ, ಎದ್ದು ಹೋಗುವಷ್ಟರಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ಲೆಕ್ಕ. ಕ್ಯಾಮೆರಾದ ಕಿಂಡಿಯಷ್ಟು ಪರದೆಯಲ್ಲಿ ತೋರಿಸಿದರೆ ಅವ್ವನಿಗೆ ಏನೂ ಕಾಣುವುದಿಲ್ಲ. ಟಿವಿಯಲ್ಲಾದರೆ ಕೂಸು ಮೊರದಷ್ಟು ಅಗಲ ಕಾಣುತ್ತದೆ.

ಮೊನ್ನೆ ಭಾನುವಾರ ಊಟ ಮುಗಿದ ಮೇಲೆ ಶುರು ಮಾಡಿದೆ. ಚಮನಬೀ ಟೀಚರ್ ಹೇಳಿಕೊಟ್ಟಿದ್ದರು, ವೈರಿನ ಸಣ್ಣ ತುದಿ ಕ್ಯಾಮೆರಾಕ್ಕೆ, ಹಳದಿ ಪಿನ್ನು ಟಿವಿಯ ಹಳದಿ ತೂತಿಗೆ, ಆಮೇಲೆ ರಿಮೋಟಿನಲ್ಲಿ ಎವಿ ಒತ್ತಬೇಕು ಎಂದು. ನಮ್ಮ ರಿಮೋಟಿಗೆ ಆ ಗುಂಡಿಯೇ ಇಲ್ಲ, ಎಂದೋ ಕಿತ್ತುಹೋಗಿದೆ. ಪೆನ್ನಿನ ರೀಫಿಲ್ಲಿನಿಂದ ತೂತಿನೊಳಗೆ ಚುಚ್ಚಿದೆ. ಟಿವಿ ಬರೀ ನೀಲಿಯಾಯಿತು. ಅವ್ವ ಗಾಬರಿಯಾಗಿ, "ಕರೆಂಟ್ ಹೊಡದೀತು, ಸರಿ ಅತ್ತಾಗ!" ಎಂದು ನನ್ನ ಜಡೆ ಹಿಡಿದು ಎಳೆದಳು. ಪಕ್ಕದ ಮನೆಯ ಜಮಾಲಸಾಬ ಕಾಕಾ ಚುರುಮುರಿ ತಟ್ಟೆ ಸಮೇತ ಬಂದು ಹೊಸ್ತಿಲ ಮೇಲೆ ಕೂತು, "ಏನ್ ಮಾಡಾಕತ್ತೀಯವ್ವಾ, ಮಾಸ್ತರಬಾಯಿ? ಟಿವಿ ಹೊಟ್ಟಿ ಕೊಯ್ದಿಯೇನು?" ಎಂದು ನಗುತ್ತಿದ್ದರು. ಕ್ಯಾಮೆರಾದ ಗುಂಡಿ ಒತ್ತಿದೆ ನೋಡು, ನಮ್ಮ ಶಾಲೆಯ ಹುಡುಗಿಯರ ಕೋಲಾಟ ಟಿವಿ ತುಂಬ ಬಂತು! ಜಮಾಲಸಾಬ ಕಾಕಾ "ಶಾಬಾಸ್!" ಎಂದು ತೊಡೆ ತಟ್ಟಿದರು, ಚುರುಮುರಿ ಅಂಗಳದ ತನಕ ಚೆಲ್ಲಿತು. ಅಪ್ಪನೂ ಮಂಚದ ಮೇಲಿಂದ ಕುತ್ತಿಗೆ ಉದ್ದ ಮಾಡಿದ.

ಒಂದೊಂದೇ ಫೋಟೋ ಮುಂದೆ ಸರಿಸುತ್ತ ಹೋದೆ. ಮೊದಲು ಬಂದದ್ದು ನಿಮ್ಮ ಮಾವನವರು, ಮಂಚದ ಮೇಲೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದಾರಲ್ಲ, ಅದು. ಅವ್ವ ಏನು ಮಾಡಿದಳು ಗೊತ್ತೇ? ಗಬಕ್ಕನೆ ತಲೆ ತುಂಬ ಸೆರಗು ಎಳೆದುಕೊಂಡು ಎದ್ದು ನಿಂತು, "ಬರ್ರಿ ಬೀಗರ, ಆರಾಮದೀರೇನ್ರಿ?" ಎಂದಳು. ಟಿವಿಗೆ! ಆಮೇಲೆ ನಾಲಿಗೆ ಕಚ್ಚಿಕೊಂಡಳು. ಯಾರೂ ನಗಲಿಲ್ಲ, ಯಾಕೆಂದರೆ ಅಪ್ಪನ ಹುಬ್ಬು ಗಂಟಾಗಿತ್ತು. ಟವೆಲ್ಲು ಕೊಡವಿ ಎದ್ದ. ಆದರೆ ಹೋಗುವುದೆಲ್ಲಿಗೆ? ಹೊಸ್ತಿಲಿಗೆ ಅಡ್ಡ ಜಮಾಲಸಾಬ ಕಾಕಾ ಕೂತಿದ್ದರು. "ಕೂಡೋ ಮರಿಲಿಂಗಪ್ಪ, ಚುರುಮುರಿ ತುಳೀಬ್ಯಾಡ" ಎಂದರು. ಅಪ್ಪ ಕೂತ. ಮುಖ ಮಾತ್ರ ಗೋಡೆಯ ಕಡೆ.

ಮುಂದಿನದು ನೀನು. ಅಯ್ಯೋ ಅಕ್ಕ, ಅಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ನಿಂತವರನ್ನು ತೆಗೆಯುವಾಗ ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಚೆಂದ ಎಂದು ನಿಮ್ಮನ್ನೆಲ್ಲ ಉದ್ದಕ್ಕೇ ತೆಗೆದಿದ್ದೆನಲ್ಲ? ಟಿವಿಗೆ ಅದೆಲ್ಲ ತಿಳಿಯುತ್ತದೆಯೇ! ನೀನು ಬೇವಿನ ಮರದ ಸಮೇತ ಅಡ್ಡಕ್ಕೆ ಮಲಗಿಬಿಟ್ಟಿದ್ದೆ. ಅದರ ಮುಂದಿನದು ಕೂಸು ಜೋಳಿಗೆಯಲ್ಲಿ ಮಲಗಿದ್ದು. ಜೋಳಿಗೆ ಅಡ್ಡಡ್ಡ, ಕೂಸು ಗೋಡೆಗೆ ಅಂಟಿಕೊಂಡು ನಿಂತ ಹಾಗೆ. ಅವ್ವ ಕಿಟಾರನೆ ಕಿರುಚಿದಳು: "ಯವ್ವಾ, ಕೂಸು ಬಿದ್ದೀತು! ಹಿಡೀರೇ ಯಾರಾದ್ರು!"

ಆ ಕೂಗಿಗೆ ಅಪ್ಪ ತಿರುಗಿದ.

ತಿರುಗಿದವನು ಮತ್ತೆ ಗೋಡೆಯ ಕಡೆ ಹೋಗಲಿಲ್ಲ. ಒಂದು ಮಗ್ಗುಲಿಗೆ ತಲೆ ವಾಲಿಸಿದ. ಸರಿಯಾಗಿ ಕಾಣಲಿಲ್ಲವೋ ಏನೋ, ಇನ್ನಷ್ಟು ವಾಲಿಸಿದ. ಆಮೇಲೆ ಮಂಚದ ಮೇಲೆ ಹಾಗೇ ಅಡ್ಡಾದ. ನಾನು ಗುಂಡಿ ಮುಟ್ಟಲಿಲ್ಲ. ಕಡೆಗೆ ಅಪ್ಪ ಎದ್ದು ಕೂತು, ಯಾರ ಮುಖವನ್ನೂ ನೋಡದೆ, "ಟಿವಿ ಹೊಳ್ಳಿಸ್ರಿ" ಅಂದ.

ಆಮೇಲಿನ ಗಡಬಡ ಏನು ಹೇಳಲಿ! ಅವ್ವ ಕೌದಿ ಹಾಸಿದಳು. ಅಪ್ಪನೂ ಜಮಾಲಸಾಬ ಕಾಕಾನೂ ಆ ಡುಬ್ಬ ಟಿವಿಯನ್ನು ಎತ್ತಿ ಮಗ್ಗುಲಿಗೆ ಮಲಗಿಸಿದರು. ನೋಡಿದರೆ ಕೂಸು ತಲೆಕೆಳಗು! "ಆ ಕಡಿ ಅಲ್ಲೋ, ಈ ಕಡಿ!" ಎಂದು ಅಪ್ಪ ಬೈದ, ತಾನೇ ಆ ಕಡೆ ಎಳೆದವನು. ಮತ್ತೆ ಎತ್ತಿ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಮಾಡುವಾಗ ವೈರು ಕಿತ್ತು ಬಂತು, ಟಿವಿ ಮತ್ತೆ ನೀಲಿ. ಆಗ ಅಪ್ಪ ಇಡೀ ಓಣಿಗೆ ಕೇಳುವ ಹಾಗೆ ಕೂಗಿದ, "ಏ ಲಾಲಿ, ಕೂಸೆಲ್ಲಿ ಹೋಯ್ತು? ನನ ಕೂಸೆಲ್ಲಿ ಹೋಯ್ತು?"

'ನನ ಕೂಸು' ಎಂದ, ಅಕ್ಕ. ಕೇಳಿಸಿಕೋ.

ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಪಿನ್ನನ್ನು ಬಿಳಿ ತೂತಿಗೆ ಹಾಕಿಬಿಟ್ಟೆ, ಮತ್ತೆ ಬೈಸಿಕೊಂಡೆ. ಕಡೆಗೂ ಹಳದಿ ಸಿಕ್ಕಿತು. ಟಿವಿಯನ್ನು ಮಲಗಿಸಿದ್ದಕ್ಕೋ ಏನೋ, ಮೂಲೆಯಲ್ಲಿ ಸ್ವಲ್ಪ ಹಸಿರು ಬಣ್ಣ ಕೂಡಿಕೊಂಡಿತ್ತು. ಆದರೆ ಕೂಸು ಸೀದಾ ಇತ್ತು, ಜೋಳಿಗೆಯೊಳಗೆ ಒಂದು ಕೈ ತಲೆಯ ಮೇಲೆ ಹಾಕಿಕೊಂಡು ನಿದ್ದೆ ಹೊಡೆಯುತ್ತಿತ್ತು. "ನೋಡ್ರಿ, ನೋಡ್ರಿ, ನೀವು ಮಕ್ಕೊಂಡಂಗ ಮಕ್ಕೊಂಡದ" ಎಂದು ಅವ್ವ ಟಿವಿಗೆ ಕೈ ನೀವಿ ನೆಟಿಗೆ ಮುರಿದಳು. ಅಪ್ಪ ಕೌದಿಯ ಮೇಲೆ ಮಂಡಿಯೂರಿ ಕೂತು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಇದೇನು, ಸೀರ್‍ಯಾಗ ಯಾಕ ಕಟ್ಯಾರ? ತೊಟ್ಲಾ ಇಲ್ಲೇನು?"

ಅವ್ವ ಬಿಡುತ್ತಾಳೆಯೇ? ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೇ ಉಸಿರಿಗೆ ಬಂತು. "ಎಲ್ಲಿಂದ ಬರಬೇಕ್ರಿ ತೊಟ್ಲಾ? ನಮ್ಮ ಅಟ್ಟದ ಮ್ಯಾಲ ಧೂಳ ತಿನ್ನಾಕತ್ತದ. ನೀವು ಕಳಿಸಿದ್ರ ಇರತಿತ್ತು. ಮೋನವ್ವ ಅಂಗಡಿ ತೊಟ್ಲಾ ಒಲ್ಲೆ ಅಂದಾಳ, ಅಪ್ಪನ ಮನಿದು ಬರೂತನ ಮಗಳ ಹೆಸರ ಇಡಂಗಿಲ್ಲ ಅಂದಾಳ!" ಅಷ್ಟರಲ್ಲಿ ಕ್ಯಾಮೆರಾದ ಸೆಲ್ಲು ಮುಗಿದು ಟಿವಿ ಆರಿಹೋಯಿತು. ಗೋಡೆ ಗಡಿಯಾರದ ಸೆಲ್ಲು ತೆಗೆದು ಹಾಕಿ ನೋಡಿದೆ, ಜೀವ ಬರಲಿಲ್ಲ. ಅಪ್ಪ ಆರಿದ ಟಿವಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೊಲಕ್ಕೆ ಹೋದ.

ನಿನ್ನೆ ನಾನು ಶಾಲೆಯಿಂದ ಬರುವಷ್ಟರಲ್ಲಿ ತೊಟ್ಟಿಲು ಅಂಗಳಕ್ಕೆ ಇಳಿದಿತ್ತು. ಅಪ್ಪ ಅದನ್ನು ತೊಳೆದಿದ್ದ, ಬಿಸಿಲಿಗಿಟ್ಟಿದ್ದ, ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಒಂದು ಕಾಲು ಅಲ್ಲಾಡುತ್ತಿತ್ತಂತೆ, ಬಡಿಗನನ್ನು ಕರೆಸಿ ಬೆಣೆ ಹೊಡೆಸಿದ. ಆದರೆ ಯಾರಿಗೆ, ಯಾವಾಗ ಎಂದು ಬಾಯಿ ಬಿಡಲೊಲ್ಲ. ಅವ್ವ ಕೇಳಿದರೆ "ಹುಳಾ ಹತ್ತಿತ್ತು, ಅದಕ್ಕ ತೊಳದೆ" ಎಂದನಂತೆ. ನೀನು ಇನ್ನು ಸ್ವಲ್ಪ ತಡಿ ಅಕ್ಕ, ಅಂಗಡಿಯ ತೊಟ್ಟಿಲು ತರಬೇಡ, ನಿನ್ನ ಅತ್ತೆ ಮಾತಾಡಿದರೆ ಆಡಲಿ ಬಿಡು. ಮಾಮನಿಗೂ ಹೇಳು, ಅಪ್ಪ ಮೆತ್ತಗಾಗುತ್ತಿದ್ದಾನೆ ಎಂದು. ಎಷ್ಟು ದಿನ ಹಿಡಿಯುತ್ತದೋ ನನಗೆ ಗೊತ್ತಿಲ್ಲ, ಸುಳ್ಳು ಆಸೆ ಹಚ್ಚಲಾರೆ. ನಾಳೆ ಶಾಲೆಗೆ ಹೋಗುವಾಗ ಈ ಕಾಗದವನ್ನು ಟಪಾಲು ಡಬ್ಬಿಗೆ ಹಾಕುತ್ತೇನೆ.

ಟಿವಿ ಇನ್ನೂ ಮಗ್ಗುಲಲ್ಲೇ ಮಲಗಿದೆ. ಎತ್ತೋಣವೆಂದರೆ ಅಪ್ಪ, "ಇರಲಿ, ಸೆಲ್ ತಂದ ಮ್ಯಾಲ ಮತ್ತ ನೋಡಬೇಕಾಗ್ತದ" ಎನ್ನುತ್ತಾನೆ. ನಾವು ವಾರ್ತೆಯನ್ನು ಕುತ್ತಿಗೆ ವಾಲಿಸಿಕೊಂಡೇ ನೋಡುತ್ತಿದ್ದೇವೆ.

ನಿನ್ನ ತಂಗಿ,
ಕುತ್ತಿಗೆ ನೋವಿನ
ಲಾಲಮ್ಮ

ತಾ.ಕ.: ಬುಧವಾರ ಬೆಳಿಗ್ಗೆ. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಅಪ್ಪ ಹೊಸ ಧೋತರ ಉಟ್ಟು ತೊಟ್ಟಿಲನ್ನು ಬಸ್ಸಿನ ಮೇಲೆ ಏರಿಸಿದ್ದಾನೆ! "ಶಹಾಪುರದಾಗ ಕೆಲಸ ಅದ, ಹಂಗ ವಡಗೇರಾದ ಮಟ ಹೋಗಿಬರ್ತೀನಿ, ಕಾಗದ ಇಲ್ಲಿ ಕೊಡು" ಅಂದ. ಒಂದು ಮಾತು ಬರೆಯುವುದು ಮರೆತೆ ಎಂದು ಹೇಳಿ ಕವರು ಅಂಟಿಸದೆ ಹಿಡಿದುಕೊಂಡಿದ್ದೇನೆ. ನಿಮ್ಮ ಮನೆಗೆ ತಾನಾಗಿ ಬರುವುದಿಲ್ಲವಂತೆ. ಕಾಗದವನ್ನು ಯಾರ ಕೈಯಲ್ಲಾದರೂ ಒಳಗೆ ಕಳಿಸಿ ತಾನು ಅಲ್ಲಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ತೊಟ್ಟಿಲು ಇಟ್ಟುಕೊಂಡು ಕೂರುತ್ತಾನಂತೆ. "ಕರದ್ರ ಹೋಗ್ತೀನಿ, ಇಲ್ಲಂದ್ರ ಬಂದ ಬಸ್ಸಿಗೇ ಹೊಳ್ಳಿ ಬರ್ತೀನಿ" ಎಂದು ಅವ್ವನಿಗೆ ಹೇಳಿದ್ದಾನೆ. ಕವರಿನ ಮೇಲೆ ಬರೆದರೆ ಅವನು ಓದಿಬಿಡುತ್ತಾನೆ, ಅದಕ್ಕೇ ಇಷ್ಟು ಕೆಳಗೆ ಬರೆಯಬೇಕಾಯಿತು. ಅಯ್ಯೋ ಅಕ್ಕ, ನಾನು ಯಾಕಾದರೂ ಇಷ್ಟುದ್ದ ಬರೆದೆನೋ! ನೀನು ಇದನ್ನು ಓದುತ್ತಿರುವಷ್ಟು ಹೊತ್ತೂ ಅಪ್ಪ ಅಲ್ಲಿ ಕಾಯುತ್ತಾ ಕೂತಿದ್ದಾನೆ. ನೀನು ಓಡಬೇಡ. ಅವನು ದಾರಿ ನೋಡುತ್ತಿರುವುದು ನಿನ್ನದಲ್ಲ. ಅಯ್ಯಣ್ಣ ಮಾಮನನ್ನು ಕಳಿಸು, ಈಗಲೇ ಕಳಿಸು.