ಹದಿನೇಳನೇ ನಂಬರಿನ ದೋಣಿ

3-2-97, ಸೋಮವಾರ, ಮಧ್ಯಾಹ್ನ

ಎರಡನೇ ಸ್ಟೆನ್ಸಿಲ್ಲೂ ಹರಿಯಿತು. ಮೂರನೆಯದರಲ್ಲಿ ಮುಗಿಸಿದೆ. ಕೈಗೆಲ್ಲ ಕರೆಕ್ಷನ್ ಫ್ಲೂಯಿಡ್, ಊಟದಲ್ಲೂ ಅದೇ ವಾಸನೆ.

ಒಟ್ಟು ಐವತ್ತೆರಡು ದೋಣಿ. ಕೆರೆಗಳನ್ನು ಗುತ್ತಿಗೆ ಹಿಡಿದವರು ಮೀನು ಹಿಡಿಯುವ ಕಾಲಕ್ಕೆ ಹಳೇ ದೋಣಿ ಹುಡುಕಿಕೊಂಡು ಅಲೆಯುತ್ತಾರೆ. ಅದನ್ನು ನೋಡಿ ಅಣ್ಣನಿಗೆ ಹೊಳೆದದ್ದು ಈ ‘ದೋಣಿ ಪಟ್ಟಿ’. ತಿಂಗಳಿಗೊಂದು. ಎಸ್‌ಟಿಡಿ ಬೂತಿನ ಹಿಂದಿನ ಕೋಣೆಯಲ್ಲಿ ನಾನು ಬರೆಯುವುದು, ಅವನು ಸೈಕ್ಲೋಸ್ಟೈಲ್ ರೋಲರ್ ಹೊಡೆದು ಪ್ರತಿ ತೆಗೆಯುವುದು. ಶಿಕಾರಿಪುರದಿಂದ ಸೊರಬದವರೆಗೆ ಎಲ್ಲ ಬಸ್‌ಸ್ಟ್ಯಾಂಡಿನಲ್ಲೂ ಅಂಟುತ್ತದೆ. ಮೇಲೆ ದಪ್ಪಕ್ಕೆ — ಸಂಪಾದಕ: ಉಚ್ಚಂಗಪ್ಪ. ಬರೆದವಳ ಹೆಸರಿಲ್ಲ. ಗಂಡನ ಮನೆ ಬಿಟ್ಟು ಬಂದವಳ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಅನ್ನುತ್ತಾನೆ. ಸರಿ ಬಿಡು.

ದೋಣಿಗಳು ಎಲ್ಲಿಂದ ಬರುತ್ತವೆ? ಪೋಸ್ಟ್‌ಕಾರ್ಡಿನಲ್ಲಿ ನಾಲ್ಕು. ಕಂಡಕ್ಟರುಗಳು ಚೀಟಿಯಲ್ಲಿ ಗೀಚಿ ಕೊಟ್ಟವು ಎಂಟು. ಬೂತಿನಲ್ಲಿ ಯಾರೋ ಫೋನು ಮಾಡುವಾಗ ಅಣ್ಣ ಕದ್ದು ಕೇಳಿ ಬರೆಸಿದ್ದು ಮೂರು. ಕರಾವಳಿಯ ಪೇಪರಿನಿಂದ ಎತ್ತಿದ್ದು ಹತ್ತು. ಉಳಿದದ್ದೆಲ್ಲ ಹೋದ ತಿಂಗಳ ಪಟ್ಟಿಯವೇ. ಊರು, ಉದ್ದ, ಮರ, ವಯಸ್ಸು, ಬೆಲೆ, ಯಾರನ್ನು ಕಾಣಬೇಕು — ಚೌಕದ ಗೆರೆಯೊಳಗೆ ನನ್ನ ಅಕ್ಷರದಲ್ಲಿ ಕೂತರೆ ಎಲ್ಲವೂ ನಿಜವೆಂದೇ ಕಾಣುತ್ತದೆ.

ಪಟ್ಟಿಯಿಂದ ತೆಗೆಯುವುದಕ್ಕೆ ಮಾತ್ರ ಒಂದೇ ರೂಲ್. ಮಾಲೀಕ ಕಾರ್ಡ್ ಹಾಕಬೇಕು. ಮಾರಿದ ಮೇಲೆ ಯಾವ ಪುಣ್ಯಾತ್ಮ ಕಾರ್ಡ್ ಹಾಕುತ್ತಾನೆ? ಮೇಲಾಗಿ ದೋಣಿ ಐವತ್ತಕ್ಕಿಂತ ಕಡಿಮೆಯಾದರೆ ಬಲೆ ಅಂಗಡಿಯವರು ಪಟ್ಟಿಗೆ ಕೊಡುವ ಜಾಹೀರಾತು ನಿಲ್ಲಿಸುತ್ತಾರಂತೆ.

9-2-97, ಭಾನುವಾರ, ರಾತ್ರಿ

ಕುಪ್ಪಗಡ್ಡೆಗೆ ಹೋಗಿದ್ದೆ. ಹಾಲಮ್ಮ ಚಿಕ್ಕಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ. ಊಟವಾದ ಮೇಲೆ ಹೆಂಗಸರೆಲ್ಲ ಆಲೆಮನೆಗೆ ಹೊರಟರು, ಬೆಲ್ಲ ತಿನ್ನಲು. ಒಲೆಯ ಬಾಯಲ್ಲಿ ದೋಣಿ ಉರಿಯುತ್ತಿತ್ತು. ನಿಜವಾಗಿಯೂ. ಅರ್ಧ ಮೂತಿ ಇನ್ನೂ ಹೊರಗಿತ್ತು, ಅದರ ಮೇಲೆ ಎಣ್ಣೆ ಡಬ್ಬದ ತಗಡಿನ ತೇಪೆ.

ನಂಬರ್ 17. ಹೊನ್ನೆ ಮರ, ಹದಿನೆಂಟು ಅಡಿ, ‘ಮೂತಿಗೆ ತಗಡಿನ ತೇಪೆ, ಗಟ್ಟಿ’. ನಾನೇ ಬರೆದದ್ದು. ಮಾಲೀಕರು ಪಂಚಾಕ್ಷರಪ್ಪ ಅಲ್ಲೇ ಬೆಲ್ಲ ಅಚ್ಚಿಗೆ ಸುರಿಯುತ್ತಿದ್ದರು. ತಳ ಕೊಳೆತಿತ್ತು, ಡಿಸೆಂಬರಿನಲ್ಲೇ ಕೊಯ್ಯಿಸಿದೆ ಅಂದರು. ಕಾರ್ಡ್ ಹಾಕಲಿಲ್ಲವಾ ಅಂದರೆ ನಕ್ಕರು.

ಬಸ್ಸಿನಲ್ಲಿ ಪಟ್ಟಿ ನೆನೆಸಿಕೊಂಡೆ. ಮೂವತ್ತೊಂದು, ನಲವತ್ತನಾಲ್ಕು — ಅವೂ ಕುಪ್ಪಗಡ್ಡೆಯವೇ, ಹದಿನೆಂಟು ಅಡಿ, ತಗಡಿನ ತೇಪೆ. ಒಂದನ್ನು ಕಂಡಕ್ಟರ್ ಬರೆಸಿದ್ದು, ಇನ್ನೊಂದು ಯಾರೋ ಗ್ಯಾರೇಜಿನವನು ಫೋನಿನಲ್ಲಿ ಹೇಳುವಾಗ ಅಣ್ಣ ಕದ್ದು ಕೇಳಿದ್ದು. ಮೂವರು ಹೇಳಿದ ಒಂದೇ ದೋಣಿ. ಅದೂ ಬೂದಿ.

ನಾಳೆ ರೋಲರ್ ಹೊಡೆಯುವುದು. ಮೂರು ಸಾಲಿಗೆ ಫ್ಲೂಯಿಡ್ ಬಳಿದರೆ ಮುಗಿಯಿತು, ಅಣ್ಣನಿಗೆ ಹೇಳಿದೆ. ಅವನು ಬೆರಳಲ್ಲೇ ಲೆಕ್ಕ ಹಾಕಿದ. ನಲವತ್ತೊಂಬತ್ತು.

“ಕಾರ್ಡ್ ಬಂದೈತೇನು? ಇಲ್ಲ. ಹಂಗಾದ್ರೆ ದೋಣಿ ಐತಿ.”

10-2-97

ಪೋಸ್ಟ್‌ಕಾರ್ಡ್ ತಂದೆ. ಪಂಚಾಕ್ಷರಪ್ಪನವರ ಹೆಸರಲ್ಲಿ ನಾನೇ ಬರೆದು ಹಾಕಿಬಿಡೋಣ ಅಂತ. ಎರಡು ಸಾಲು ಬರೆದು ಹರಿದೆ. ನನ್ನ ಅಕ್ಷರ ಈ ಎರಡು ತಾಲೂಕಿನಲ್ಲಿ ಯಾರಿಗೆ ಗೊತ್ತಿಲ್ಲ? ಅಣ್ಣ ನೋಡಿದರೆ ಈ ಮನೆಯ ಅನ್ನವೂ ಹೋಯಿತು. ಪಟ್ಟಿ ಅಂಟಿತು. ಐವತ್ತೆರಡು.

17-2-97, ಬೆಳಗ್ಗೆ

ಸೊರಬದ ಮನ್ಸೂರ್ ಬಂದಿದ್ದ. ಮೂವತ್ತರ ಒಳಗಿನವನು, ಪಟ್ಟಿಯನ್ನು ನೋಟಿನ ಹಾಗೆ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಕೆರೆ ಹಿಡಿದಿದ್ದಾನಂತೆ, ಮೊದಲ ಸಲ. ಮರಿ ಬಿಟ್ಟು ಎರಡು ವರ್ಷ ಸಾಕಿದ್ದಾನೆ. ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಿಡಿಯದಿದ್ದರೆ ನೀರಿನಲ್ಲಿರುವ ಮೀನೆಲ್ಲ ಮುಂದೆ ಹಿಡಿಯುವವನದು. ಆಳದ ಕೆರೆ, ದೋಣಿಯಿಲ್ಲದೆ ದೊಡ್ಡ ಬಲೆ ಬಿಡಲಾಗದು.

ಸಾಗರದಲ್ಲಿ ಒಬ್ಬರು ಬುಧವಾರದವರೆಗೆ ತಮ್ಮ ದೋಣಿ ಕಾಯ್ದಿಟ್ಟಿದ್ದಾರಂತೆ. ಆದರೆ ದೂರ. ಕುಪ್ಪಗಡ್ಡೆ ಅವನ ಕೆರೆಗೆ ಪಕ್ಕ, ಅಲ್ಲಿ ಮೂರು ದೋಣಿ, ಒಂದಲ್ಲದಿದ್ದರೆ ಇನ್ನೊಂದು ಸಿಗುತ್ತದೆ ಅನ್ನುವ ಧೈರ್ಯ.

“ಅಕ್ಕಾ, ಈ ಹದಿನೇಳು ಇನ್ನೂ ಇದೆ ಅಲ್ವೇನ್ರೀ? ಇದೆ ಅಂದ್ರೆ ಸಾಗರದವ್ರಿಗೆ ಬೇಡ ಅಂತ ಫೋನ್ ಮಾಡ್ತೀನಿ.”

ಅಣ್ಣ ಬೂತಿನ ಗಾಜಿನಿಂದ ನನ್ನನ್ನೇ ನೋಡುತ್ತಿದ್ದ.

“ಪಟ್ಟೀಲಿ ಐತಲ್ರೀ” ಅಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅಲ್ಲೇ ನಿಂತು ಸಾಗರಕ್ಕೆ ಫೋನು ಮಾಡಿದ. ಕಾಲ್‌ನ ದುಡ್ಡು ಅಣ್ಣನೇ ಇಸಕೊಂಡ.

22-2-97

ಮನ್ಸೂರ್ ಮತ್ತೆ ಬಂದ. ದೋಣಿ ಹೇರಿ ತರಲು ಟ್ರ್ಯಾಕ್ಟರ್, ಎತ್ತಲು ನಾಲ್ಕು ಜನರನ್ನು ಕರೆದುಕೊಂಡೇ ಹೋಗಿದ್ದನಂತೆ. ಪಂಚಾಕ್ಷರಪ್ಪನವರು ಬೂದಿ ತೋರಿಸಿ ಬೆಲ್ಲ ಕೊಟ್ಟು ಕಳಿಸಿದ್ದಾರೆ. ಸಾಗರದ ದೋಣಿ ಅಷ್ಟರಲ್ಲಿ ಹೋಗಿಬಿಟ್ಟಿದೆ. ಅವನು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೇರೆ ಯಾವುದಾದರೂ ಇದೆಯಾ ಅಂತಷ್ಟೇ ಕೇಳಿದ.

ಅಣ್ಣ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ — ‘ಕೊಳ್ಳುವವರು ಖುದ್ದಾಗಿ ವಿಚಾರಿಸಿಕೊಳ್ಳತಕ್ಕದ್ದು.’ ಅದನ್ನೂ ನಾನೇ ಬರೆದದ್ದು. ಚೆನ್ನಾಗಿ ಬರೆದಿದ್ದೇನೆ.

10-3-97

ಮಾರ್ಚ್ ಪಟ್ಟಿ. ಹದಿನೇಳು ಇದೆ. ಮೂವತ್ತೊಂದೂ ಇದೆ, ನಲವತ್ತನಾಲ್ಕೂ. ಕಾರ್ಡ್ ಬಂದಿಲ್ಲವಲ್ಲ.

ಬರೆದೆ.

26-3-97

ಮನ್ಸೂರನ ತಾಯಿ ಕುಬ್ರಾ ಬೀ ಬಂದಿದ್ದರು. ಮಗನಿಗೆ ಗೊತ್ತಿಲ್ಲವಂತೆ. ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು ಇಳಿದಿದ್ದನಂತೆ, ಎರಡು ಬುಟ್ಟಿ ಸಿಕ್ಕಿತು, ತೆಪ್ಪ ಬಿಚ್ಚಿಕೊಂಡಿತು. ಬಲೆ ಎಳೆಯುವವರು ಕಾದು ಕಾದು ಬೇರೆ ಕೆರೆಗೆ ಹೋದರು. ಇನ್ನು ಐದು ದಿನ.

ಜಗಳಕ್ಕೆ ಬಂದವರಲ್ಲ. ಎಲ್ಲಿಯಾದರೂ ಒಂದು, ಬಾಡಿಗೆಗಾದರೂ, ನೋಡಿಕೊಡು ಎಂದರು. ಐವತ್ತೆರಡರಲ್ಲಿ ಯಾವುದು ಜೀವಂತ ಇದೆಯೆಂದು ನನಗೇ ಗೊತ್ತಿಲ್ಲ. ಹಾಗೆ ಹೇಳಿದೆ. ಎದ್ದು ಹೊರಟವರು ಗೋಡೆಯ ಪಟ್ಟಿ ನೋಡಿದರು.

“ನೀನೇ ಬರ್ದಿದ್ದಂತೆ. ಅಕ್ಷರ ಭಾಳ ಚಂದ ಐತಮ್ಮ.”

ಇಡೀ ದಿನ ಸ್ಟೆನ್ಸಿಲ್ ಪೆನ್ನು ಮುಟ್ಟಲಿಲ್ಲ. ದೊಡ್ಡ ಸಾಧನೆ!

2-4-97

ಹೊಸ ಗುತ್ತಿಗೆದಾರ ನಿನ್ನೆಯೇ ಬಲೆ ಹಾಕಿದನಂತೆ. ದೋಣಿ ತಂದೇ ಬಂದಿದ್ದ. ಮೂರು ಟೆಂಪೋ ಮೀನು. ಸೊರಬದ ಕಂಡಕ್ಟರ್ ಬಾಯಿ ಚಪ್ಪರಿಸಿಕೊಂಡು ಹೇಳಿದ — ಒಂದೊಂದೂ ಮೊಳಕೈ ಉದ್ದ. ಯಾರೋ ಚೆನ್ನಾಗಿ ಸಾಕಿದ್ದಾರೆ ಅಂದ.

9-4-97, ಬುಧವಾರ, ಸಂಜೆ

ಅಂಟಿಸುವವನಿಗೆ ಜ್ವರ. ಸೊರಬಕ್ಕೆ ನಾನೇ ಹೋದೆ, ಏಪ್ರಿಲ್ ಪಟ್ಟಿ, ಮೈದಾ ಅಂಟು. ಅಂಟಿಸಿ, ಆಮೇಲೆ ಪೆನ್ನು ತೆಗೆದು ಮೂರೂ ಸಾಲು ಹೊಡೆದುಹಾಕಿದೆ. ಎರಡು ತಿಂಗಳು ತಡ.

ಹಿಂದೆ ಯಾರೋ ನಿಂತಿದ್ದರು. ಮನ್ಸೂರ್. ಕೈಚೀಲ ಹಿಡಿದು ಸಾಗರದ ಬಸ್ಸಿಗೆ ಕಾಯುತ್ತಿದ್ದ. ಅಲ್ಲಿ ಬೇರೆಯವರ ಮೀನು ಐಸ್ ಪೆಟ್ಟಿಗೆಗೆ ತುಂಬುವ ಕೆಲಸ ಸಿಕ್ಕಿದೆಯಂತೆ. ಎಲ್ಲ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ.

“ಅಮ್ಮನಿಗೆ ನಾನು ಹೇಳ್ತಾನೇ ಇದೀನಿ ಅಕ್ಕಾ, ಆ ಅಕ್ಕ ತಮ್ಮ ಹತ್ರ ಬಂದಿದ್ದನ್ನ ಬರೀತಾರೆ ಅಷ್ಟೇ, ಅವ್ರಿಗೇನು ಗೊತ್ತು ಅಂತ. ನಿಮಗೆ ಗೊತ್ತಿರಲಿಲ್ಲ ಅಲ್ವೇನ್ರೀ?”

ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು. ಬೇಕಾದಷ್ಟು ಸಮಯ.

ಇಲ್ಲ ಅಂದೆ.

ಅವನ ಮುಖ ಸಡಿಲವಾಯಿತು. ಬಿಸಿಲಲ್ಲಿ ಬಂದಿದ್ದೀರಿ ಅಂತ ಕಬ್ಬಿನ ಹಾಲು ಕೊಡಿಸಿದ. ಬೇಡವೆಂದರೂ ಕೇಳಲಿಲ್ಲ. ಕುಡಿದೆ. ಪೂರ್ತಿ ಕುಡಿದೆ. ಬಸ್ಸಿನ ಕಿಟಕಿಯಿಂದ ಅವನು ಕೈ ಬೀಸಿದಾಗ ನಾನೂ ಬೀಸಿದೆ.