ಗುಡಾಣವಿಲ್ಲದ ನಗು

ಯಲಿಯೂರು
10-3-1940

ಯಜಮಾನರಿಗೆ ಇಂದ್ರಮ್ಮ ಮಾಡುವ ನಮಸ್ಕಾರ. ಎಲ್ಲರೂ ಕ್ಷೇಮ ಅಂತ ಬರೆಯೋಣವೆಂದಿದ್ದೆ, ಕೈ ಬರಲಿಲ್ಲ. ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಗಂಜಿಯೂ ಗಂಟಲಲ್ಲಿ ಇಳಿಯುತ್ತಿಲ್ಲ.

ಬಾವಿ ದೆವ್ವದ ಚಿತ್ರವನ್ನು ಈಗ ಮಾತಾಡುವ ಚಿತ್ರವಾಗಿ ಮತ್ತೆ ತೆಗೆದಿದ್ದಾರೆ, ಅದರಲ್ಲಿ ದೆವ್ವದ ನಗು ನನ್ನದೇ ಅಂತ ಮದರಾಸಿನಿಂದ ಬರೆದಿದ್ದಿರಲ್ಲ, ಆ ಚಿತ್ರ ಹೋದ ವಾರ ಮಂಡ್ಯದ ಟೆಂಟಿಗೆ ಬಂತು. ಅತ್ತೆಗೆ ಕಣ್ಣು ಪೂರಾ ಹೋಗಿದೆ. ಆದರೂ ಹಟ ಹಿಡಿದರು. "ನೋಡಾಕಲ್ಲ ಕಣಮ್ಮ, ಕೇಳಾಕೆ. ಮೂರು ವರ್ಸಾಯ್ತು ಅವನ ದನಿ ಕೇಳಿ" ಅಂದರು. ಗಾಡಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಹೋದೆ.

ಚಿತ್ರದ ಬಗ್ಗೆ ಏನು ಹೇಳಲಿ? ಹೊಟ್ಟೆ ಉರಿಯಿತು. ಹಳೆಯ ಮೂಕಿ ಚಿತ್ರದಲ್ಲಿ ಬಾವಿಯಿಂದ ಒಂದು ಕೈ ಮಾತ್ರ ಮೇಲೆ ಬರುತ್ತಿತ್ತು. ನೀವು ಪರದೆಯ ಪಕ್ಕದಲ್ಲಿ ಕೂತು ಮಣ್ಣಿನ ಗುಡಾಣಕ್ಕೆ ಬಾಯಿಟ್ಟು ನಗುತ್ತಿದ್ದಿರಿ. ಮೀಸೆ ಹೊತ್ತ ಗಂಡಸರೂ ಎದ್ದು ಓಡುತ್ತಿದ್ದರು. ನಗುವವರು ನೀವೇ ಅಂತ ಗೊತ್ತಿದ್ದೂ ನಾನು ಅತ್ತೆಯ ಸೆರಗು ಹಿಡಿದುಕೊಂಡಿದ್ದೆ. ಈಗಿನ ದೆವ್ವ ಮಲ್ಲಿಗೆ ಮುಡಿದು, ಬಾವಿಕಟ್ಟೆಯ ಮೇಲೆ ಕೂತು ಹಾಡು ಹೇಳುತ್ತದೆ. ಅದೂ ಒಂದೆರಡಲ್ಲ! "ಲೇ, ದೆವ್ವಕ್ಕೊಂದು ಗಂಡು ನೋಡ್ರಲಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಟೆಂಟೆಲ್ಲ ನಕ್ಕಿತು. ನಿಮ್ಮ ಕಾಲದಿಂದ ಯಂತ್ರ ತಿರುಗಿಸುತ್ತಿರುವ ನಜೀರ್ ಸಾಹೇಬರೂ ಹಣೆ ಚಚ್ಚಿಕೊಂಡರು.

ಕೊನೆಗೆ ದೆವ್ವ ನಕ್ಕಿತು. ಅತ್ತೆ ನನ್ನ ಕೈ ಅಮುಕಿ, "ನಮ್ ಸಿದ್ದರಾಮು ಕಣಮ್ಮ" ಅಂದರು. ಅವರ ಕಣ್ಣಲ್ಲಿ ನೀರು. ನಾನು "ಹೂಂ ಅತ್ತೆ, ಅವರೇ" ಅಂದೆ.

ಅದು ನೀವಲ್ಲ. ನಿಮ್ಮ ನಗು ನನಗೆ ಗೊತ್ತಾಗುವುದಿಲ್ಲವೇ? ನೀವು ಸುಳ್ಳು ಬರೆದಿರೋ, ಅವರೇ ನಿಮ್ಮ ದನಿ ತೆಗೆದು ಬೇರೆಯವರದ್ದು ಹಾಕಿದರೋ, ನಾನು ಕೇಳುವುದಿಲ್ಲ. ಹೆಸರು ಮಾಡದೆ ಊರಿಗೆ ಕಾಲಿಡುವುದಿಲ್ಲ ಅಂತ ಹೋದವರು ನೀವು. ಆ ಹಟ ಸಾಕು. ಅತ್ತೆಗೆ ಹೆಚ್ಚು ದಿನವಿಲ್ಲ ಅಂತ ಪಂಡಿತರು ಹೇಳಿದ್ದಾರೆ. ಒಂದು ಸಲ ಬನ್ನಿ. ಚಿತ್ರದಲ್ಲಿ ನಕ್ಕದ್ದು ಮಗನೇ ಅಂತ ಅವರು ನಂಬಿದ್ದಾರೆ, ಹಾಗೇ ನಂಬಿಕೊಂಡಿರಲಿ. ನಾನಂತೂ ಬಾಯಿ ಬಿಡುವುದಿಲ್ಲ. ನನಗೂ ನಿಮ್ಮನ್ನು ನೋಡಬೇಕು ಅನ್ನಿಸಿದೆ.

ನಿಮ್ಮ ದಾರಿ ಕಾಯುತ್ತಿರುವ
ಇಂದ್ರಮ್ಮ

ತಾಜಾ ಕಲಂ: ಕಾಗದ ಮಡಿಸುತ್ತಿದ್ದಾಗ ಅತ್ತೆ ಹತ್ತಿರ ಕರೆದರು. "ಅದು ಅವನ ದನಿ ಅಲ್ಲ ಕಣಮ್ಮ. ನಿಂಗೆ ಸಂಕಟ ಆಗ್ದಿರ್ಲಿ ಅಂತ ಅಂಗಂದೆ. ದೆವ್ವ ಆಗ್ದಿದ್ರೆ ಓಗ್ಲಿ ಬುಡು, ಮಗ ಆಗಿ ಬಾ ಅಂತ ಬರಿ" ಅಂದರು. ಮೂಲೆಯಲ್ಲಿದ್ದ ನಿಮ್ಮ ಗುಡಾಣವನ್ನು ತರಿಸಿ ತಲೆದೆಸೆಯಲ್ಲಿ ಇಡಿಸಿಕೊಂಡಿದ್ದಾರೆ. ಬೇಗ ಬನ್ನಿ.